ಇನ್ನೂರರವತ್ತೈದು ರೊಟ್ಟಿಗಳ ವಿಷಯವಾಗಿ ಒಂದು ಬಹಿರಂಗ ಪತ್ರ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳಲ್ಲಿ ನೆಲೆಸಿ ನಮ್ಮ ಮನೆತನದ ಒಲೆಗಳನ್ನು ಆಳುತ್ತಿರುವ ವೈನಿ, ಅಕ್ಕ, ದೊಡ್ಡವ್ವ ಹಾಗೂ ಚಿಗವ್ವನವರ ಸನ್ನಿಧಿಗೆ,

ನಿಮ್ಮ ಮನೆಯ ನಿವೃತ್ತ ಮಾಸ್ತರನ ಬಿನ್ನಹವೇನೆಂದರೆ, ಬರುವ ದೀಪಾವಳಿಯ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಪುನಃ ಬೆಂಗಳೂರಿನತ್ತಣ ವಿನೋದೋದ್ಯಾನಕ್ಕೆ ಹೋಗುವುದೆಂದು ತೀರ್ಮಾನವಾಗಿರುವುದರಿಂದಲೂ, ಆ ತೀರ್ಮಾನ ನನ್ನ ಕಿವಿಗೆ ಬಿದ್ದ ಸಂಜೆಯೇ ಹಿತ್ತಿಲಿನಿಂದ ಜೋಳ ಹಸನು ಮಾಡುವ ಮೊರದ ಸಪ್ಪಳ ಕೇಳಿಬಂದುದರಿಂದಲೂ, ಈ ವಿಷಯದಲ್ಲಿ ಖಾಸಗಿಯಾಗಿ ಆಡಿದ ಮಾತು ನಮ್ಮಲ್ಲಿ ಒಗ್ಗರಣೆಯ ಸದ್ದಿನೊಳಗೆ ಅಡಗಿಹೋಗುವ ಪರಿಪಾಟಿಯನ್ನು ನಾಲ್ವತ್ತು ವರ್ಷಗಳಿಂದ ಬಲ್ಲವನಾದುದರಿಂದಲೂ, ಇದನ್ನು ನಾಲ್ಕು ಜನ ಓದುವಂತೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಹೋದ ವರ್ಷ ಪ್ರಯಾಣ ಹೊರಟವರು 14 ಜನ. ಅವರಲ್ಲಿ ನಾಲ್ವರು ಮಕ್ಕಳು. ಇಷ್ಟು ಜನಕ್ಕೆಂದು ಜಮಖಂಡಿಯ ಮನೆಯಿಂದ 60 ಖಡಕ್ ರೊಟ್ಟಿ, ಮುಧೋಳದಿಂದ 75, ಬೀಳಗಿಯಿಂದ 80, ರಬಕವಿಯಿಂದ "ನಮ್ಮದೇನ ಭಾಳಿಲ್ಲರಿ" ಎಂಬ ವಿನಯದ ಪೀಠಿಕೆಯೊಡನೆ 50, ಅಂತೂ ಒಟ್ಟು 265 ರೊಟ್ಟಿಗಳು ವಾಹನವನ್ನೇರಿದವು. ಇದು ರೊಟ್ಟಿಯ ಲೆಕ್ಕ ಮಾತ್ರ. ನಾಲ್ಕು ಮನೆಗಳಿಂದಲೂ ನಾಲ್ಕು ಡಬ್ಬಿ ಶೇಂಗಾ ಹಿಂಡಿ ಬಂದುದೇತಕ್ಕೆಂದು ವಿಚಾರಿಸಲಾಗಿ, ಉಳಿದ ಮೂರು ಮನೆಗಳಲ್ಲಿ ಉಪ್ಪಿನ ಅಂದಾಜು ಸರಿಯಿಲ್ಲವೆಂದು ಪ್ರತಿಯೊಂದು ಮನೆಯೂ ಬಹುಕಾಲದಿಂದ ನಂಬಿಕೊಂಡು ಬಂದಿರುವ ಸಂಗತಿ ತಿಳಿದುಬಂತು. ಗುರೆಳ್ಳು ಹಿಂಡಿ, ಬದನೆಕಾಯಿಯ ಎಣಗಾಯಿ, ಶೇಂಗಾ ಹೋಳಿಗೆ, ಮಾದಲಿ, ಕೆನೆಮೊಸರಿನ ಕ್ಯಾನು, ಒಂದು ಗೋಣಿಚೀಲದ ತುಂಬ ಚುರುಮುರಿ ಚೂಡಾ ಇವೆಲ್ಲ ಹತ್ತಿ ಕುಳಿತ ಮೇಲೆ, ಮುಧೋಳ ದಾಟುವ ಹೊತ್ತಿಗೆ ಹಿಂದಿನ ಆಸನಗಳಲ್ಲಿ ಬುಟ್ಟಿಗಳು ಆಸೀನವಾಗಿ, ಮಕ್ಕಳು ಹಿರಿಯರ ತೊಡೆಗಳ ಮೇಲೆ ಆಶ್ರಯ ಪಡೆದಿದ್ದರು. ರನ್ನನ ಊರಿನ ಮುಂದೆ ಹಾಯ್ದುಹೋಗುತ್ತಿದ್ದುದರಿಂದಲೋ ಏನೋ, ನನಗೆ ಏಕಚಕ್ರನಗರದಿಂದ ಬಕಾಸುರನತ್ತ ಸಾಗಿದ ಅನ್ನದ ಬಂಡಿಯ ನೆನಪಾಯಿತು. ವ್ಯತ್ಯಾಸವಿಷ್ಟೆ: ಆ ಬಂಡಿಯಲ್ಲಿ ಭೀಮಸೇನನೊಬ್ಬನಿದ್ದ, ನಮ್ಮ ಬಂಡಿಯಲ್ಲಿ ಸಕ್ಕರೆ ಕಾಯಿಲೆಯವರು ಮೂವರಿದ್ದೆವು.

ನೂಲಿನ ಎಳೆ ಎಳೆಯನ್ನೂ ಎಣಿಸಿ ಹಾಸು ಹೂಡುವ ರಬಕವಿ-ಬನಹಟ್ಟಿಯವರಿಗೆ ಗಣಿತ ಬಾರದೆಂದು ಹೇಳುವ ಧಾರ್ಷ್ಟ್ಯ ನನಗಿಲ್ಲ. ಒಂದು ಸೀರೆಗೆ ಎಷ್ಟು ನೂಲು ಬೇಕೆಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲ ಚಿಗವ್ವನವರು, ಒಂದು ಹೊಟ್ಟೆಗೆ ಎಷ್ಟು ರೊಟ್ಟಿ ಬೇಕೆಂದು ಕೇಳಿದರೆ ಮಾತ್ರ, "ಇರ್ಲಿ ಬಿಡ, ದಾರ್ಯಾಗ ಯಾರರ ಬಂದ್ರ?" ಎನ್ನುತ್ತಾರೆ. ಐದು ನೂರು ಕಿಲೋಮೀಟರಿಗೂ ಮಿಗಿಲಾದ ಹಾದಿಯಲ್ಲಿ, ರಾತ್ರಿ ಎರಡು ಗಂಟೆಗೆ, ಓಡುತ್ತಿರುವ ಗಾಡಿಗೆ ಯಾವ ಬೀಗರು ಬರುವರೆಂಬುದನ್ನು ನಾನು ಇಂದಿಗೂ ಅರಿಯೆ. ಬೀಳಗಿಯ ದೊಡ್ಡವ್ವನವರ ವಿಷಯದಲ್ಲಿ ಹಾಸ್ಯ ಮಾಡಲು ನನ್ನ ನಾಲಿಗೆ ಅಷ್ಟಾಗಿ ಏಳುವುದಿಲ್ಲ. ಎಪ್ಪತ್ತೆರಡರ ಬರವನ್ನು ಕಂಡು, ಅನಂತರ ಆಲಮಟ್ಟಿಯ ಹಿನ್ನೀರಿಗೆ ಮನೆಯನ್ನೂ ಹಗೇವನ್ನೂ ಬಿಟ್ಟುಕೊಟ್ಟು ಪುನರ್ವಸತಿಯ ಊರಿಗೆ ಬಂದವರು, ಮನೆ ಬಿಡುವುದೆಂದರೆ ಮರಳಿ ಬರುವ ಭರವಸೆಯಿಲ್ಲದೆ ಬಿಡುವುದೆಂದೇ ತಿಳಿದು ಬುತ್ತಿ ಕಟ್ಟುತ್ತಾರೆ. ಆದರೂ ಒಂದು ದಿವಸದ ಜಲಕ್ರೀಡೆಗೆ 80 ರೊಟ್ಟಿ!

ಉದ್ಯಾನದ ಮಹಾದ್ವಾರದಲ್ಲಿ ನಡೆದುದನ್ನು ಹೋಗದವರ ಅವಗಾಹನೆಗಾಗಿ ಹೇಳುತ್ತೇನೆ. ಚೀಲಗಳ ತಪಾಸಣೆ ಮಾಡುವ ತರುಣನು ಬನಹಟ್ಟಿಯ ಬಿಳಿಯ ಅರಿವೆಯ ಗಂಟನ್ನು ಬಿಚ್ಚಿ, ಮೇಲಿನ ರೊಟ್ಟಿಯನ್ನು ಎರಡು ಬೆರಳುಗಳಿಂದ ಎತ್ತಿ, ಬೆಳಕಿಗೆ ಹಿಡಿದು, ಗೆಣ್ಣಿನಿಂದ ಒಮ್ಮೆ ಬಡಿದನು. ಟಕ್ ಎಂದಿತು. ನಾಲ್ಕು ಎಳ್ಳು ಅವನ ಸಮವಸ್ತ್ರದ ತೋಳಿನ ಮೇಲೆ ಉದುರಿದವು. "ಇದೇನ್ ಸಾರ್, ತಟ್ಟೇನಾ?" ಎಂದು ನನ್ನನ್ನು ಕೇಳಿದನು. ಅಹುದೆಂದಿದ್ದರೆ ಒಳಗೆ ಬಿಡುತ್ತಿದ್ದನೋ ಏನೋ! ಆದರೆ ದೊಡ್ಡವ್ವನವರು ಸತ್ಯವಂತರು. "ತಾಟಲ್ಲಪಾ ತಮ್ಮಾ, ರೊಟ್ಟಿ. ತಗೋ, ತಿಂದ ನೋಡ" ಎಂದು ಅಪರಾಧದ ಸಾಕ್ಷ್ಯವನ್ನು ತಾವೇ ಮುರಿದು ಅವನ ಕೈಗಿತ್ತರು. ಅವನು ತಿಂದನು, ತಲೆದೂಗಿದನು, ಹೊರಗಿನ ಆಹಾರವನ್ನು ಒಳಗೆ ಒಯ್ಯಕೂಡದೆಂಬ ಫಲಕವನ್ನು, ಬಾಯಿ ತುಂಬಿದ್ದುದರಿಂದ, ಕೈಸನ್ನೆಯಿಂದಲೇ ತೋರಿಸಿದನು.

ಕಾಯದೆ ಓದಿದ ನಮ್ಮ ಮುಧೋಳದ ಅಳಿಯಂದಿರು ಆಗ ಮುಂದೆ ಬಂದರು. ಶಾಂಘಾಯಿಯ ಡಿಸ್ನಿ ಉದ್ಯಾನದಲ್ಲಿ 46 ಯುವಾನ್‌ಗಳ ತಿಂಡಿಯ ಪೊಟ್ಟಣವನ್ನು ತಡೆದುದಕ್ಕಾಗಿ ಕಾನೂನು ವಿದ್ಯಾರ್ಥಿನಿಯೊಬ್ಬಳು ದಾವೆ ಹೂಡಿ, 2019ರಲ್ಲಿ 50 ಯುವಾನ್ ಪರಿಹಾರ ಪಡೆದುದಲ್ಲದೆ, ಆ ಉದ್ಯಾನವು ತನ್ನ ನಿಯಮವನ್ನೇ ಸಡಿಲಿಸುವಂತೆ ಮಾಡಿದಳೆಂಬ ವೃತ್ತಾಂತವನ್ನು ಬಿಸಿಲಿನಲ್ಲಿ ನಿಂತು ಸವಿಸ್ತಾರವಾಗಿ ನಿರೂಪಿಸಿದರು. ಸರತಿಯಲ್ಲಿ ನಮ್ಮ ಹಿಂದೆ ನಿಂತಿದ್ದ ಒಬ್ಬ ಸದ್ಗೃಹಸ್ಥರೂ, ದುರ್ದೈವದಿಂದ, ಕಾಯದೆ ಬಲ್ಲವರೇ ಆಗಿದ್ದರು. ಚಿತ್ರಮಂದಿರಗಳ ಮಾಲೀಕರು ಹೊರಗಿನ ತಿನಿಸನ್ನು ತಡೆಯಬಹುದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವೇ 2023ರ ಜನವರಿ 3ರಂದು ಹೇಳಿದೆಯೆಂದೂ, ಜಿಲೇಬಿ ತಿಂದ ಅಂಟುಗೈಯನ್ನು ಆಸನಕ್ಕೆ ಒರೆಸಿದರೆ ಗತಿಯೇನೆಂಬ ಪ್ರಶ್ನೆ ಅಂದು ನ್ಯಾಯಪೀಠದಿಂದಲೇ ಬಂದಿತ್ತೆಂದೂ ಅವರು ಜ್ಞಾಪಿಸಿದರು. ಅದು ಚಿತ್ರಮಂದಿರದ ಮಾತು, ಇದು ಉದ್ಯಾನ, ಎಂದು ಅಳಿಯಂದಿರು ಭೇದವೆಣಿಸತೊಡಗಿದಾಗ ಎಣಗಾಯಿಯ ಡಬ್ಬಿಯಿಂದ ಎಣ್ಣೆಯ ಧಾರೆಯೊಂದು ಮೆಲ್ಲನೆ ಹೊರಟು ತಪಾಸಣೆಯ ಮೇಜನ್ನು ದಾಟಿ ಅವರ ಶುಭ್ರವಾದ ಪಾದರಕ್ಷೆಯ ಮೇಲೆ ಇಳಿಯಿತು. ವಾದ ಅಲ್ಲಿಗೆ ಮುಗಿಯಿತು.

ಮುಂದೆ ನಡೆದುದು ನನ್ನ ಅಭಿಪ್ರಾಯದಲ್ಲಿ ಪ್ರವಾಸದ ನಿಜವಾದ ದುರಂತ. ಒಳಗೆ ಒಯ್ಯಲಾಗದುದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಯ್ಯಬಹುದೆಂಬ ಉಪಾಯ ವೈನಿಯವರಿಗೆ ಹೊಳೆದುದರಿಂದ, ವಾಹನ ನಿಲ್ಲಿಸುವ ಬಯಲಿನ ಮರದಡಿಯಲ್ಲಿ ಹಾಸಿಗೆ ಬಿಚ್ಚಿ, ಬೆಳಗಿನ ಹತ್ತೂವರೆಯಿಂದ ಹನ್ನೆರಡರವರೆಗೆ ಉಂಡೆವು. ತರುವಾಯ ದುಬಾರಿಯಾದ ಟಿಕೆಟು ತೆಗೆಸಿ ಒಳಹೊಕ್ಕ ಹತ್ತು ಹಿರಿಯರಲ್ಲಿ ಎಂಟು ಮಂದಿ ನೆರಳಿನ ಕಟ್ಟೆ ಹುಡುಕಿಕೊಂಡು ಮಲಗಿದರು. ಮೊಮ್ಮಗನ ಹಟಕ್ಕೆ ನಾನು ದೊಡ್ಡ ರಾಟೆಯನ್ನೇರಿದೆ. ನನ್ನ ದೇಹ ಮೇಲಕ್ಕೆ ಹೋಯಿತು. ಮಾದಲಿಯು ಕೆಳಗೇ ಉಳಿಯಬೇಕೆಂದು ಇಚ್ಛಿಸಿತು. ಅದರ ವಿವರ ಇಲ್ಲಿ ಬೇಡ.

ಸಾವಿರ ಕಿಲೋಮೀಟರಿನ ದೇಶಾಟನೆ ಮುಗಿಸಿ 171 ರೊಟ್ಟಿಗಳು ಒಂದಿಷ್ಟೂ ಮುಕ್ಕಾಗದೆ ಜಮಖಂಡಿಗೆ ಮರಳಿ, ಛಟ್ಟಿ ಅಮಾವಾಸ್ಯೆಯವರೆಗೂ ಮೂರು ಹೊತ್ತು ನಮ್ಮ ತಾಟಿನಲ್ಲಿ ದರ್ಶನವಿತ್ತವು. ಚಿಕ್ಕಪಡಸಲಗಿಯಲ್ಲಿ ಸರಕಾರದ ಬೊಕ್ಕಸಕ್ಕೆ ಕಾಯದೆ, 1989ರಲ್ಲಿ ರೈತರೇ ಸೇರಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ನಾಡು ನಮ್ಮದು. ಆ ನದಿಯನ್ನು ತಡೆದವರಿಗೆ ಈ ರೊಟ್ಟಿಯ ಪ್ರವಾಹವನ್ನು ತಡೆಯುವುದಸಾಧ್ಯವೆ?

ಆದುದರಿಂದ ಈ ಸಲದ ಲೆಕ್ಕವನ್ನು ನಾನೇ ಹಾಕಿದ್ದೇನೆ. ಗಾಡಿಯಲ್ಲಿ ಉಣ್ಣುವುದು ಮೂರು ಹೊತ್ತು, ಹಿರಿಯರು ಹತ್ತು ಜನ, ಹೊತ್ತಿಗೆ ಎರಡರಂತೆ 60, ಮಕ್ಕಳು ನಾಲ್ವರು, ಒಂದರಂತೆ 12, ಒಟ್ಟು 72. ನಾಲ್ಕು ಮನೆಗಳಿಗೆ ಹಂಚಿದರೆ ಮನೆಗೆ 18. ಇದಕ್ಕಿಂತ ಒಂದೂ ಹೆಚ್ಚಕೂಡದು. ಡ್ರೈವರನನ್ನೂ ಕ್ಲೀನರನನ್ನೂ ಮರೆತಿದ್ದೆ. ದುಡಿಯುವ ಮೈ, ಹೊತ್ತಿಗೆ ಮೂರರಂತೆ 18 ಕೂಡಿಸಿದರೆ 90 ಆಯಿತು. ಹೋದ ಸಲ ಹಾವೇರಿಯ ಈಚೆಗೆ ಚಕ್ರ ಪಂಕ್ಚರ್ ಆಗಿ ಒಂದು ಹೊತ್ತು ಹಾದಿಯಲ್ಲೇ ಕಳೆಯಬೇಕಾಯಿತಷ್ಟೆ, ಅದಕ್ಕೆ 30, ಅಂದರೆ 120. ಮರದಡಿಯಲ್ಲಿ ಉಣ್ಣುವಾಗ ಪಕ್ಕದ ಗಾಡಿಯ ಮಕ್ಕಳು ನಿಂತು ನೋಡುತ್ತಿದ್ದರು. ನೋಡುವ ಮಕ್ಕಳ ಮುಂದೆ ಉಣ್ಣುವುದು ನಮ್ಮ ಮನೆತನದಲ್ಲಿಲ್ಲ. ಅವರಿಗೆಂದು 20. ಆ ತಪಾಸಣೆಯ ತರುಣನು ನಾವು ಹೊರಡುವಾಗ, "ಅಜ್ಜಿ, ಮುಂದಿನ್ ಸಲ ಬರ್ವಾಗ ಆ ಕಡ್ಲೇಕಾಯಿ ಪುಡೀನೂ ತನ್ನಿ" ಎಂದಿದ್ದನಾಗಿ, ಅವನಿಗೂ ಅವನ ಜೊತೆಗಾರರಿಗೂ 10. ಇಲ್ಲಿಗೆ 150.

ವೈನಿಯವರು ಈಗಷ್ಟೇ ನನ್ನ ಬೆನ್ನ ಹಿಂದೆ ಬಂದು ನಿಂತು ಈ ಕಾಗದವನ್ನು ಓದಿ, "ಹೋದ ಸಲಕಿಂತ ನೂರಾ ಹದಿನೈದು ಕಡಿಮಿ ಆದ್ವಲ್ಲ ಮಾಸ್ತರ, ದಾರ್ಯಾಗ ಯಾರರ ಬಂದ್ರ?" ಎಂದರು. ಆ ತರುಣನೂ, ಆ ಮಕ್ಕಳೂ ಹಾದಿಯಲ್ಲಿ ಬಂದವರೇ ಎಂಬುದು ಹೊಳೆದು ನಾನು ಉತ್ತರ ಕೊಡಲಾರದೆ ಹೋದೆ. ಒಳಗೆ ಜೋಳದ ಚೀಲದ ಬಾಯಿ ಬಿಚ್ಚುತ್ತಿರುವ ಸಪ್ಪಳವಾಗುತ್ತಿದೆ. ಬೀಳಗಿಯವರು ದಯಮಾಡಿ 80ಕ್ಕೇ ನಿಲ್ಲಿಸಬೇಕಾಗಿ ವಿನಂತಿ.

ಇಂತಿ ತಮ್ಮವನೇ ಆದ,
ಜಮಖಂಡಿಯ ಮಾಸ್ತರ