ಕೈ ಚೆನ್ನಾಗಿಯೇ ಆಡುತ್ತಿತ್ತು

ಸನ್ನೆ ಭಾಷೆಯ ಇಂಟರ್‌ಪ್ರಿಟರ್‌ಗಳ ಕೆಲಸದ ಗುಣಮಟ್ಟ ಅಳೆಯಲು ಸರಕಾರ ಒಂದು ಸಂಶೋಧನಾ ಸಮಿತಿ ರಚಿಸಿತು ಅಂತ ಇಟ್ಟುಕೊಳ್ಳಿ. ಇಟ್ಟುಕೊಳ್ಳುವುದಕ್ಕೇನು ಕಷ್ಟ, ಸಮಿತಿ ರಚಿಸುವುದರಲ್ಲಿ ನಮ್ಮ ಸರಕಾರಗಳು ಯಾವತ್ತೂ ಜಿಪುಣತನ ತೋರಿದ್ದಿಲ್ಲ. ಅದಕ್ಕೆ ನನ್ನನ್ನು ಸದಸ್ಯ ಕಾರ್ಯದರ್ಶಿ ಮಾಡಿದರು ಅಂತಲೂ ಇಟ್ಟುಕೊಳ್ಳಿ. ನನಗೆ ಸನ್ನೆ ಭಾಷೆಯ ಗಂಧಗಾಳಿಯಿಲ್ಲ. ಆಯ್ಕೆಯಾದದ್ದೇ ಆ ಅರ್ಹತೆಯ ಮೇಲೆ. ಭಾಷೆ ಬಲ್ಲವನನ್ನು ಹಾಕಿದರೆ ಪಕ್ಷಪಾತ ಮಾಡಿಯಾನು.

ಅಧ್ಯಕ್ಷರು ನಿವೃತ್ತ ಹಿರಿಯ ಅಧಿಕಾರಿ. ಈಚೆಗೆ ಕಿವಿ ಸ್ವಲ್ಪ ಮಂದವಾದ್ದರಿಂದ ಕಿವುಡ ಸಮುದಾಯಕ್ಕೂ ಪ್ರಾತಿನಿಧ್ಯ ಸಿಕ್ಕಂತಾಯಿತು. ಕಿವಿ ಮೂಗು ಗಂಟಲಿನ ಒಬ್ಬ ಡಾಕ್ಟರು, ಹಣಕಾಸು ಇಲಾಖೆಯ ಒಬ್ಬರು, ಮತ್ತು ಕೈಯ ವಿಷಯವಾದ್ದರಿಂದ ಒಬ್ಬ ಭರತನಾಟ್ಯ ವಿದುಷಿ. ‘ಕಿವುಡರು ಯಾರೂ ಬೇಡವೇ ಸಾರ್?’ ಎಂದು ನಾನು ಮೊದಲ ಸಭೆಯಲ್ಲೇ ಕೇಳಿದೆ, ಕಡತದಲ್ಲಿ ಇರಲಿ ಅಂತ. ಅಧ್ಯಕ್ಷರು ಉತ್ತರವನ್ನು ಸಿದ್ಧವಾಗಿಟ್ಟುಕೊಂಡೇ ಬಂದಿದ್ದರು: ‘ಅವರನ್ನು ಕರೆದರೆ ಇಂಟರ್‌ಪ್ರಿಟರ್ ಬೇಕಲ್ರೀ. ಇಂಟರ್‌ಪ್ರಿಟರ್ ಸರಿಯಿದ್ದಾರೋ ಇಲ್ಲವೋ ಅನ್ನೋದೇ ಇನ್ನೂ ಇತ್ಯರ್ಥ ಆಗಿಲ್ಲ. ನಮ್ಮ ವರದಿ ಬರಲಿ, ಆಮೇಲೆ ಕರೆಯೋಣ.’

ಈ ತರ್ಕಕ್ಕೆ ಅಂತಾರಾಷ್ಟ್ರೀಯ ಪರಂಪರೆಯೇ ಇದೆ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡ ಮಕ್ಕಳ ಶಿಕ್ಷಣದ ಬಗ್ಗೆ ಒಂದು ಮಹಾಸಭೆ ಸೇರಿತು. 164 ಪ್ರತಿನಿಧಿಗಳು, ಅವರಲ್ಲಿ ಕಿವುಡರು ಒಬ್ಬರೇ. ಬಾಯಿ ಇದ್ದವರೆಲ್ಲ ಸೇರಿ ಕೈಗೆ ಬೀಗ ಹಾಕಿದರು: ಶಾಲೆಗಳಲ್ಲಿ ಸನ್ನೆ ಬೇಡ, ತುಟಿ ನೋಡಿ ಮಾತು ಕಲಿಯಲಿ. ಆ ಸಭೆಯ ಉತ್ತರಾಧಿಕಾರಿಗಳು ವ್ಯಾಂಕೂವರಿನಲ್ಲಿ ವಿಷಾದ ಸೂಚಿಸಿದ್ದು 2010ರಲ್ಲಿ. ನೂರಮೂವತ್ತು ವರ್ಷ. ಕಡತ ಅಷ್ಟು ದಿನ ಯಾರ ಮೇಜಿನ ಮೇಲಿತ್ತೋ!

ಮೊದಲ ಎರಡು ಸಭೆ ಹೆಸರಿಗೇ ಹೋಯಿತು. ‘ಕಿವುಡರು’ ಎನ್ನಬಾರದು, ನೋವಾಗುತ್ತದೆ. ‘ಶ್ರವಣದೋಷವುಳ್ಳವರು’ ಅನ್ನೋಣವೆಂದರೆ ಅದರಲ್ಲಿ ದೋಷವಿದೆ. ರಾಜ್ಯದಲ್ಲಿ ‘ವಿಕಲಚೇತನ’, ದಿಲ್ಲಿಯಲ್ಲಿ ‘ದಿವ್ಯಾಂಗ’. ಆ ಜನ ತಮ್ಮನ್ನು ತಾವು ನೆಟ್ಟಗೆ ‘ಡೆಫ್’ ಎಂದು ಕರೆದುಕೊಳ್ಳುತ್ತಾರೆ, ಅದರಲ್ಲಿ ಅವರಿಗೆ ಹೆಮ್ಮೆಯೂ ಉಂಟು ಎಂದು ಯಾರೋ ಹೇಳಿದರು. ಅಷ್ಟು ಸುಲಭವಾಗಿ ಮುಗಿಯುವ ವಿಷಯವಾದರೆ ಸಮಿತಿಯೇಕೆ? ಕೊನೆಗೆ ‘ಸದರಿಯವರು’ ಎಂದು ಒಮ್ಮತಕ್ಕೆ ಬಂದೆವು.

ಮೂರನೆಯ ಸಭೆಯಲ್ಲಿ ಸಮೀಕ್ಷೆಯ ವಿಧಾನ ನಿರ್ಧಾರವಾಯಿತು: ಫೋನು. ಸದರಿಯವರ ಮೊಬೈಲುಗಳಿಗೆಲ್ಲ ಕಂಪ್ಯೂಟರಿನಿಂದ ಕರೆ ಹೋಯಿತು. ಇಂಪಾದ ಹೆಣ್ಣುದನಿ: ‘ಇಂಟರ್‌ಪ್ರಿಟರ್ ಸೇವೆ ತೃಪ್ತಿಕರವಾಗಿದ್ದರೆ ಒಂದನ್ನು ಒತ್ತಿ. ದೂರು ಇದ್ದರೆ ಬೀಪ್ ಶಬ್ದದ ನಂತರ ಮಾತನಾಡಿ.’ ದೂರು ಶೂನ್ಯ. ಇಬ್ಬರು ಮಾತ್ರ ಉತ್ತರಿಸಿದ್ದರು. ಒಬ್ಬರು ಮಗನ ಫೋನು ಎತ್ತಿಕೊಂಡ ತಾಯಿ, ‘ಅವನಿಗೆ ಕೇಳ್ಸಲ್ಲ ಕಣಮ್ಮಾ’ ಎಂದು ಕಂಪ್ಯೂಟರಿಗೆ ಮೂರು ಸಲ ಹೇಳಿದ್ದರು. ಇನ್ನೊಬ್ಬರದು ರಾಂಗ್ ನಂಬರು. ‘ಸೇವೆಯ ಬಗ್ಗೆ ಯಾವುದೇ ಅಸಮಾಧಾನ ವ್ಯಕ್ತವಾಗಿಲ್ಲ’ ಎಂದು ನಡಾವಳಿಯಲ್ಲಿ ಬರೆದೆ. ಅದರಲ್ಲಿ ಸುಳ್ಳೇನಿದೆ?

ಆದರೂ ಹಣಕಾಸಿನವರಿಗೆ ಪ್ರಾತ್ಯಕ್ಷಿಕೆ ಬೇಕಿತ್ತು. ಹಾಗಾಗಿ ಒಂದು ಹಳೆಯ ವಿಡಿಯೊ ಹಾಕಿಸಿದೆ. 2013ರ ಡಿಸೆಂಬರ್ 10, ಜೊಹಾನ್ಸ್‌ಬರ್ಗಿನ ಕ್ರೀಡಾಂಗಣ, ನೆಲ್ಸನ್ ಮಂಡೇಲಾ ಅವರ ಶ್ರದ್ಧಾಂಜಲಿ ಸಭೆ. ಜಗತ್ತಿನ ದೊರೆಗಳೆಲ್ಲ ಅಲ್ಲಿದ್ದರು. ಒಬಾಮಾ ಮಾತಾಡಿದರು, ನಮ್ಮ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅವರೂ ಮಾತಾಡಿದರು. ಒಬಾಮಾ ಪಕ್ಕದಲ್ಲಿ, ಕೈಚಾಚಿದರೆ ತಾಗುವಷ್ಟು ಹತ್ತಿರ, ಕರಿ ಸೂಟು ತೊಟ್ಟು ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಸನ್ನೆ ಮಾಡುತ್ತ ನಿಂತಿದ್ದ.

‘ಎಷ್ಟು ಅಂಕ ಕೊಡಬಹುದು?’ ಎಂದೆ.

ಡಾಕ್ಟರು ಎಂಟು ಕೊಟ್ಟರು. ಕೈಗಳಲ್ಲಿ ನಡುಕವಿಲ್ಲ, ಕೀಲುಗಳು ಆರೋಗ್ಯವಾಗಿವೆ. ವಿದುಷಿ ಒಂದು ಅಂಕ ಕಡಿಮೆ ಮಾಡಿದರು, ಮುದ್ರೆಗಳು ಸ್ವಲ್ಪ ಪುನರಾವರ್ತನೆಯಾದವಂತೆ. ಹಣಕಾಸಿನವರಿಗೆ ಬಹಳ ಹಿಡಿಸಿದ್ದು ಮುಖ: ‘ನೋಡಿ, ಶೋಕಸಭೆಗೆ ತಕ್ಕಂತೆ ಒಂದು ನರ ಕೂಡ ಅಲುಗಿಸ್ತಿಲ್ಲ. ಒಬ್ಬನೇ ಇಷ್ಟು ಹೊತ್ತು ನಿಂತಿದ್ದಾನೆ, ಇನ್ನೊಬ್ಬನ ಸಂಬಳ ಉಳೀತು.’ ಅಧ್ಯಕ್ಷರು ಒಟ್ಟಾರೆ ಅಭಿಪ್ರಾಯ ಕೊಟ್ಟರು: ‘ಕೈ ಚೆನ್ನಾಗಿ ಆಡ್ತಿದೆ.’

ಆ ಮನುಷ್ಯ ಅಂದು ಮಾಡಿದ ಸನ್ನೆಗಳಿಗೆ ಅರ್ಥವೇ ಇರಲಿಲ್ಲ. ದಕ್ಷಿಣ ಆಫ್ರಿಕದ ಸನ್ನೆಯೂ ಅಲ್ಲ, ಅಮೆರಿಕದ್ದೂ ಅಲ್ಲ, ಬರೀ ಕೈ. ಅದು ಗೊತ್ತಾದದ್ದು ವೇದಿಕೆಯ ಮೇಲಿನ ದೊರೆಗಳಿಗಲ್ಲ, ಅವರ ಗುಪ್ತಚರರಿಗಲ್ಲ, ಟಿವಿಯವರಿಗಲ್ಲ. ಮನೆಯಲ್ಲಿ ಕೂತು ನೋಡುತ್ತಿದ್ದ ಕಿವುಡರಿಗೆ, ಅದೂ ನೋಡಿದ ಕೂಡಲೇ. ಆ ದೇಶದ ಸಂಸತ್ತಿನಲ್ಲಿ 1999ರಿಂದಲೂ ಇದ್ದ ಕಿವುಡ ಸದಸ್ಯೆ ವಿಲ್ಮಾ ನ್ಯೂಹೌಟ್-ಡ್ರುಕೆನ್ ಮೊದಲು ದನಿ ಎತ್ತಿದವರಲ್ಲಿ ಒಬ್ಬರು. ಅದಕ್ಕೂ ಹಿಂದೆ ಆಳುವ ಪಕ್ಷದ ಕಾರ್ಯಕ್ರಮವೊಂದರಲ್ಲಿ ಇದೇ ಮನುಷ್ಯ ನಿಂತಿದ್ದಾಗ ಕಿವುಡರ ಸಂಘ ದೂರು ಕೊಟ್ಟಿತ್ತು. ದೂರು ಎಲ್ಲಿಗೆ ಹೋಯಿತೋ, ಮನುಷ್ಯ ಮಾತ್ರ ಒಬಾಮಾ ಪಕ್ಕಕ್ಕೆ ಹೋದ. ಗಲಾಟೆಯಾದ ಮೇಲೆ ಉಪಸಚಿವೆ ಕ್ಷಮೆ ಕೇಳಿದರು. ಆತನನ್ನು ಕಳಿಸಿದ ಕಂಪನಿಯವರನ್ನು ಹುಡುಕಿದರೆ ಪತ್ತೆಯಿಲ್ಲ ಎಂದೂ ಹೇಳಿದರು. ಆತ ತನಗೆ ಮಾನಸಿಕ ಕಾಯಿಲೆ ಇದೆ, ವೇದಿಕೆಯ ಮೇಲೆ ದೇವದೂತರು ಕಂಡರು ಎಂದ. ಪಾಪ, ಅವನನ್ನು ಆಡಿಕೊಳ್ಳಲು ನನಗೆ ಮನಸ್ಸಿಲ್ಲ. ಅವನನ್ನು ಗೊತ್ತುಮಾಡಿದವರಿಗೆ ಏನು ಕಂಡಿತ್ತೋ ತಿಳಿಯದು.

ನಾನು ಇಷ್ಟು ಹೇಳಿದ ಮೇಲೂ ಅಂಕಗಳು ಬದಲಾಗಲಿಲ್ಲ. ‘ಕೊಟ್ಟದ್ದನ್ನು ಹಿಂತೆಗೆದುಕೊಳ್ಳಲು ಅವಕಾಶವಿಲ್ಲ’ ಅಂದರು ಹಣಕಾಸಿನವರು. ದಕ್ಷಿಣ ಆಫ್ರಿಕ 2023ರ ಜುಲೈಯಲ್ಲಿ ಸನ್ನೆ ಭಾಷೆಯನ್ನು ತನ್ನ ಹನ್ನೆರಡನೆಯ ಅಧಿಕೃತ ಭಾಷೆ ಮಾಡಿತು ಎಂದೆ. ನಮ್ಮ ಎಂಟನೇ ಷೆಡ್ಯೂಲಿನ 22 ಭಾಷೆಗಳಲ್ಲಿ ಅದಿಲ್ಲ ಎಂದೂ ಸೇರಿಸಿದೆ. ‘ಲಿಪಿ ಇಲ್ಲವಲ್ಲ’ ಅಂದರು ಅಧ್ಯಕ್ಷರು. ತುಳುವರು ಯಾರೂ ಸಭೆಯಲ್ಲಿ ಇರಲಿಲ್ಲ, ಬಚಾವಾದರು.

ನಾಲ್ಕನೆಯ ಸಭೆಗೆ ಒಬ್ಬ ಇಂಟರ್‌ಪ್ರಿಟರ್ ಹುಡುಗಿ ವಿಶೇಷ ಆಹ್ವಾನಿತಳಾಗಿ ಬಂದಳು. ಅಪ್ಪ ಅಮ್ಮ ಇಬ್ಬರೂ ಕಿವುಡರು. ಮಾತು ಕಲಿಯುವ ಮೊದಲೇ ಕೈ ಕಲಿತವಳು. ‘ನೀನು ಸನ್ನೆ ಮಾಡೋದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ?’ ಎಂದು ಅಧ್ಯಕ್ಷರು ಕೇಳಿದರು.

‘ಎರಡೂ ಅಲ್ಲ ಸಾರ್. ಅದೇ ಒಂದು ಭಾಷೆ. ಅದಕ್ಕೆ ಅದರದೇ ವ್ಯಾಕರಣ ಇದೆ. ಕರ್ತೃ, ಕರ್ಮ, ಕ್ರಿಯಾಪದ, ನಮ್ಮ ಕನ್ನಡದ ಹಾಗೇ. ಪ್ರಶ್ನೆಯ ಪದ ಕೊನೆಗೆ ಬರುತ್ತೆ. ಮತ್ತೆ, ಅರ್ಧ ವ್ಯಾಕರಣ ಮುಖದಲ್ಲೇ ಇರುತ್ತೆ. ಹುಬ್ಬು ಏರಿಸಿದರೆ ಒಂಥರಾ ಪ್ರಶ್ನೆ, ಗಂಟಿಕ್ಕಿದರೆ ಇನ್ನೊಂಥರಾ. ಮುಖ ಅಲುಗದೇ ಇದ್ದರೆ ಅದು ಸನ್ನೆ ಭಾಷೆಯೇ ಅಲ್ಲ.’

ಹಣಕಾಸಿನವರು ಕೆಮ್ಮಿದರು.

‘ಇಪ್ಪತ್ತು-ಮೂವತ್ತು ನಿಮಿಷಕ್ಕೊಮ್ಮೆ ಬದಲಾಯಿಸಬೇಕು ಸಾರ್. ಕೈಗಿಂತ ತಲೆ ದಣಿಯುತ್ತೆ. ಅದಕ್ಕೇ ದೊಡ್ಡ ಕಾರ್ಯಕ್ರಮಕ್ಕೆ ಇಬ್ಬರು ಬೇಕು.’ ನಡಾವಳಿಯಲ್ಲಿ ನಾನು ಬರೆದದ್ದು: ‘ಆಹ್ವಾನಿತರು ಮುಖಭಾವದ ಬಗ್ಗೆ ಮಾತನಾಡಿದರು. ಸರಕಾರಿ ವೇದಿಕೆಗಳಲ್ಲಿ ಹುಬ್ಬು ಹಾರಿಸುವುದು ಶಿಸ್ತಿಗೆ ಒಪ್ಪುವುದಿಲ್ಲವೆಂದು ಸಮಿತಿ ಅಭಿಪ್ರಾಯಪಟ್ಟಿತು. ಇಬ್ಬರ ಬೇಡಿಕೆಯನ್ನು ಆರ್ಥಿಕ ಕಾರಣಗಳಿಗಾಗಿ ಮುಂದೂಡಲಾಯಿತು.’

ಆಕೆಯನ್ನು ಕಳಿಸಿದ ಮೇಲೆ ಡಾಕ್ಟರು ಮೂಲಭೂತ ಪ್ರಶ್ನೆ ಎತ್ತಿದರು: ಇದೆಲ್ಲ ಕಿವಿಯ ಸಮಸ್ಯೆ, ಕಿವಿಯವರಿಗೇ ವಹಿಸಬಾರದೇಕೆ? ವಹಿಸುವ ಪ್ರಯತ್ನ ನಿಜವಾಗಿಯೂ ನಡೆದಿತ್ತು. ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರಕ್ಕೆ ದಿಲ್ಲಿಯಲ್ಲಿ, ಇಗ್ನೋ ಆವರಣದಲ್ಲಿ, 2011ರ ಅಕ್ಟೋಬರಿನಲ್ಲಿ ಅಡಿಗಲ್ಲು ಹಾಕಿದರು. 2013ರಲ್ಲಿ ಮುಚ್ಚಿದರು. ಕಲ್ಲಿನ ಮೇಲೆ ಹಾಕಿದ ಕುಂಕುಮ ಒಣಗಿತ್ತೋ ಇಲ್ಲವೋ. 2015ರ ಏಪ್ರಿಲಿನಲ್ಲಿ ಇನ್ನೊಂದು ಆದೇಶ: ಕೇಂದ್ರವನ್ನು ಅಲಿ ಯಾವರ್ ಜಂಗ್ ಶ್ರವಣ ಸಂಸ್ಥೆಯ ದಿಲ್ಲಿ ಶಾಖೆಯೊಂದಿಗೆ ಸೇರಿಸತಕ್ಕದ್ದು. ಕಿವಿ ಪರೀಕ್ಷಿಸುವ ಸಂಸ್ಥೆ, ಅದರ ಕೆಲಸ ಅದಕ್ಕೆ. ಆದರೆ ಭಾಷೆಯನ್ನು ಅಲ್ಲಿಗೆ ಒಯ್ದು ಕಟ್ಟುವುದೆಂದರೆ, ಕನ್ನಡ ಹೊರಡುವುದು ಗಂಟಲಿನಿಂದ ತಾನೇ ಎಂದು ಕನ್ನಡ ಸಾಹಿತ್ಯ ಪರಿಷತ್ತನ್ನು ದೊಡ್ಡಾಸ್ಪತ್ರೆಯ ಗಂಟಲು ವಿಭಾಗಕ್ಕೆ ವಿಲೀನ ಮಾಡಿದ ಹಾಗೆ. ಪರಿಷತ್ತಿನ ಅಧ್ಯಕ್ಷರ ಚುನಾವಣೆಯ ಹೊತ್ತಿಗೆ ಅಷ್ಟು ಅನುಕೂಲವಾಗುತ್ತಿತ್ತು ಅನ್ನಿ. ದೇಶದ ಕಿವುಡರು ಬೀದಿಗಿಳಿದರು, ಮಂತ್ರಿಗಳನ್ನು ಕಂಡರು. ಅದೇ ವರ್ಷ ಸೆಪ್ಟೆಂಬರ್ 22ರಂದು ಸಂಪುಟ ಮಣಿದು, ಕೇಂದ್ರವನ್ನು ಸ್ವತಂತ್ರ ಸಂಸ್ಥೆಯಾಗಿ ಸ್ಥಾಪಿಸಲು ಒಪ್ಪಿತು.

ಆ ಕೇಂದ್ರ 2018ರಲ್ಲಿ 3,000 ಪದಗಳ ನಿಘಂಟು ತಂದಿತು. 2021ರ ಹೊತ್ತಿಗೆ ಪದಗಳು 10,000 ಆದವು. ‘ಹತ್ತು ಬೆರಳಲ್ಲಿ ಹತ್ತು ಸಾವಿರ ಪದವೇ?’ ಎಂದು ಅಧ್ಯಕ್ಷರಿಗೆ ಅನುಮಾನ. ಲೆಕ್ಕಪರಿಶೋಧನೆ ಆಗಬೇಕೆಂದು ಟಿಪ್ಪಣಿ ಹಾಕಿಸಿದರು.

ಲೆಕ್ಕದ ಮಾತು ಬಂತಲ್ಲ. 2011ರ ಜನಗಣತಿ ಪ್ರಕಾರ ಕೇಳಿಸುವ ತೊಂದರೆಯಿರುವವರು ದೇಶದಲ್ಲಿ 50 ಲಕ್ಷ 71 ಸಾವಿರ. ಅರ್ಹತೆಯ ಸರ್ಟಿಫಿಕೇಟು ಪಡೆದ ಇಂಟರ್‌ಪ್ರಿಟರ್‌ಗಳನ್ನು ಉದಾರವಾಗಿ ಐನೂರು ಎಂದೇ ಹಿಡಿಯಿರಿ. ಎಲ್ಲರಿಗೂ ಸನ್ನೆ ಬೇಡವೆಂದು ಅರ್ಧ ಕಳೆದರೂ ತಲೆಗೆ ಐದು ಸಾವಿರ ಜನ. ಒಬ್ಬರೇ ಆಸ್ಪತ್ರೆಗೆ, ಪೊಲೀಸ್ ಠಾಣೆಗೆ, ಕೋರ್ಟಿಗೆ, ಹೆಣ್ಣು ನೋಡುವ ಶಾಸ್ತ್ರಕ್ಕೆ ಹೋಗಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಕಲಂ ಟಿವಿಗೂ ಸನ್ನೆ ಬೇಕೆನ್ನುತ್ತದೆ. ಹಾಗಾಗಿ ಮೂಲೆಯ ಒಂದು ಗೂಡಿನಲ್ಲೂ ನಿಲ್ಲಬೇಕು. ಆ ಗೂಡು ಅಂಚೆಚೀಟಿಯಷ್ಟು ದೊಡ್ಡದು, ಅದರ ಸೊಂಟದ ಮೇಲೆ ಬ್ರೇಕಿಂಗ್ ನ್ಯೂಸ್ ಪಟ್ಟಿ ಓಡುತ್ತಿರುತ್ತದೆ. ವಾಕ್ಯದ ಕ್ರಿಯಾಪದ ಬರುವ ಹೊತ್ತಿಗೆ ಬನಿಯನ್ ಜಾಹೀರಾತು.

ಬ್ರಿಟನ್ನಿನವರಾದರೂ ಮೇಲು ಅಂದುಕೊಳ್ಳಬೇಡಿ. ಅಲ್ಲಿನ ಸರಕಾರದ ಇಲಾಖೆಯೊಂದು 2017ರಲ್ಲಿ ಸನ್ನೆ ಭಾಷಾ ಸೇವೆಗಳ ಬಗ್ಗೆ ‘ಮಾರುಕಟ್ಟೆ ಪರಿಶೀಲನೆ’ ಮಾಡಿ ವರದಿ ಪ್ರಕಟಿಸಿತು. ಮೂರು ವರ್ಷಕ್ಕೆ ಕೊರೊನಾ ಬಂದಾಗ ಪ್ರಧಾನಿ ಕಚೇರಿಯ ಪತ್ರಿಕಾಗೋಷ್ಠಿಯಲ್ಲಿ ಇಂಟರ್‌ಪ್ರಿಟರ್ ನಾಪತ್ತೆ. ಒಬ್ಬ ಕಿವುಡ ಮಹಿಳೆ ಕೋರ್ಟಿಗೆ ಹೋಗಿ, 2020ರ ಎರಡು ಗೋಷ್ಠಿಗಳ ಮಟ್ಟಿಗೆ ಸರಕಾರ ಕಾನೂನು ಮುರಿದಿದೆ ಎಂದು 2021ರಲ್ಲಿ ಹೇಳಿಸಿಕೊಂಡು ಬಂದರು.

ನಮ್ಮಲ್ಲಿ ಕೋರ್ಟಿಗೆ ಹೋದವರು ಸ್ವತಃ ವಕೀಲೆ. ಬೆಂಗಳೂರಿನ ಸಾರಾ ಸನ್ನಿ, ಕಿವುಡರು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಇಂಟರ್‌ಪ್ರಿಟರ್ ನೆರವಿನಿಂದ ಹಾಜರಾದರು. 2024ರ ಏಪ್ರಿಲಿನಲ್ಲಿ ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ನಾಗಪ್ರಸನ್ನ ಅವರೆದುರು ವಾದವನ್ನೇ ಮಂಡಿಸಿದರು. ಅಂದು ಸುಪ್ರೀಂ ಕೋರ್ಟಿನಲ್ಲಿ ಸಾಲಿಸಿಟರ್ ಜನರಲ್ ಇಂಟರ್‌ಪ್ರಿಟರ್‌ನ ವೇಗಕ್ಕೆ ಬೆರಗಾದರು. ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು, ಅನುಮಾನವಿಲ್ಲ. ಆದರೆ ನಮ್ಮ ಅಧ್ಯಕ್ಷರು ಅದನ್ನು ಪತ್ರಿಕೆಯಲ್ಲಿ ಓದಿ ಮಾನದಂಡವನ್ನೇ ಮಾಡಿಬಿಟ್ಟರು: ನಿಮಿಷಕ್ಕೆ ಕೈ ಎಷ್ಟು ಸಲ ಆಡಿತು? ಎಣಿಸಲು ಯಂತ್ರಕ್ಕೆ ಟೆಂಡರು.

ಇಂಟರ್‌ಪ್ರಿಟರ್‌ಗಳಿಗೂ ಟೆಂಡರೇ. ಪಾರದರ್ಶಕತೆ ಕಾಯ್ದೆಯಂತೆ ಯಾರು ಕಡಿಮೆ ಬರೆದರೋ ಅವರಿಗೆ. ಗೆದ್ದದ್ದು ಸೆಕ್ಯುರಿಟಿ ಗಾರ್ಡು, ಕಸ ಗುಡಿಸುವವರು ಮತ್ತು ಡೇಟಾ ಎಂಟ್ರಿಯವರನ್ನು ಒದಗಿಸುವ ಒಂದು ಏಜೆನ್ಸಿ. ‘ಸನ್ನೆ ಬರುತ್ತಾ?’ ಎಂದು ಕೇಳಿದೆ. ‘ನಮ್ಮ ಹುಡುಗರು ಟ್ರಾಫಿಕ್ ವಾರ್ಡನ್ ಕೆಲಸ ಮಾಡಿದ್ದಾರೆ ಸಾರ್’ ಎಂದ ಮಾಲೀಕ.

ವರದಿ ಬಿಡುಗಡೆಗೆ ಸೆಪ್ಟೆಂಬರ್ 23ನ್ನು ಗೊತ್ತುಮಾಡಿದೆವು. ಅಂತಾರಾಷ್ಟ್ರೀಯ ಸನ್ನೆ ಭಾಷಾ ದಿನ. ಏಜೆನ್ಸಿಯ ಹುಡುಗರ ಮೇಲೆ ಅಷ್ಟು ಭರವಸೆ ಸಾಲದೆ ಆ ಇಂಟರ್‌ಪ್ರಿಟರ್ ಹುಡುಗಿಯನ್ನೇ ಎರಡು ಗಂಟೆಯ ಮಟ್ಟಿಗೆ ಕರೆಸಿದ್ದೆ. ಮುಂದಿನ ಸಾಲುಗಳಲ್ಲಿ ಬಸ್ಸು ಮಾಡಿ ಕರೆತಂದ ಸದರಿಯವರು. ಮಂತ್ರಿಗಳು ಒಂದೂವರೆ ಗಂಟೆ ತಡ. ಬಂದವರಿಗೆ ಪೇಟ, ಶಾಲು, ಏಲಕ್ಕಿ ಹಾರ. ಫೋಟೋಗೆ ಅಡ್ಡ ಬರುತ್ತಾಳೆಂದು ಹುಡುಗಿಯನ್ನು ಹೂವಿನ ಕುಂಡದ ಹಿಂದಕ್ಕೆ ಸರಿಸಿದರು. ಅವಳು ಕುಂಡದ ಮೇಲಿಂದ ಕೈ ಎತ್ತಿ ಎತ್ತಿ ಭಾಷಣದ ಮೊದಲ ಅರ್ಧ ಗಂಟೆ ದಾಟಿಸಿದಳು. ಅಲ್ಲಿಗೆ ಮಂಜೂರಾದ ಎರಡು ಗಂಟೆ ಮುಗಿಯಿತು. ಆಟೋ ಹಿಡಿದು ಹೋದಳು. ಉಳಿದ ಭಾಷಣ ಕನ್ನಡದಲ್ಲಿ, ಕಿವಿ ಇದ್ದ ಆರು ಜನಕ್ಕೆ.

ಭಾಷಣ ಮುಗಿಯುತ್ತಿದ್ದಂತೆ ಮುಂದಿನ ಸಾಲಿನ ಒಬ್ಬ ಯುವಕ ಎದ್ದು ವೇದಿಕೆ ಹತ್ತಿದ. ಯಾರೂ ತಡೆಯಲಿಲ್ಲ. ಏನೋ ಕೊಡುತ್ತಾನೆಂದು ಮಂತ್ರಿಗಳು ಕೈ ಚಾಚಿದರು. ಅವನು ಸಭೆಗೆ ಮುಖಮಾಡಿ ನಿಂತು ಸನ್ನೆ ಮಾಡತೊಡಗಿದ. ಹುಬ್ಬು ಏರಿತು, ಗಂಟಿಕ್ಕಿತು. ಒಮ್ಮೆ ನಮ್ಮ ಅಧ್ಯಕ್ಷರ ಕಡೆ, ಒಮ್ಮೆ ಹೂಕುಂಡದ ಕಡೆ, ಒಮ್ಮೆ ನನ್ನ ಕೈಲಿದ್ದ ವರದಿಯ ಕಡೆ ಬೆರಳು ಹೋಯಿತು. ಮುಂದಿನ ಸಾಲುಗಳು ನಕ್ಕವು. ಮತ್ತೇನೋ ಹೇಳಿದ, ಯಾರೂ ನಗಲಿಲ್ಲ. ಒಬ್ಬ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಮುಗಿಸಿದಾಗ ಸಭೆಯಲ್ಲಿದ್ದವರೆಲ್ಲ ಎರಡೂ ಕೈ ಮೇಲೆತ್ತಿ ಗಾಳಿಯಲ್ಲಿ ತಿರುಗಿಸಿದರು. ಅವರ ಚಪ್ಪಾಳೆ ಹಾಗೆ ಅಂತ ಆ ಹುಡುಗಿ ಹೇಳಿದ್ದಳು. ಸದ್ದೇ ಇಲ್ಲದೆ ಸಭಾಂಗಣ ತುಂಬ ಕೈ.

ಅಧ್ಯಕ್ಷರು ನನ್ನತ್ತ ಬಾಗಿದರು. ‘ಏನಂತ್ರೀ ಅವನು?’

ನಾನು ಎಡಕ್ಕೆ ನೋಡಿದೆ, ಡಾಕ್ಟರು. ಬಲಕ್ಕೆ ನೋಡಿದೆ, ಭರತನಾಟ್ಯ. ನಡಾವಳಿ ಪುಸ್ತಕ ಬಿಚ್ಚಿ ಬರೆದೆ: ‘ಸದರಿಯವರ ಪರವಾಗಿ ಒಬ್ಬರು ವಂದನಾರ್ಪಣೆ ಮಾಡಿದರು.’