ಲಾಟೀನಿನ ಬೆಳಕಿನಷ್ಟು

ಹೂ ಬಿಡಿಸ್ತಾ ಗುನುಗ್ತಾ ಇದ್ರಲ್ಲ ಅಕ್ಕ, ನನ್ನ ಕಂಡು ಯಾಕೆ ನಿಲ್ಲಿಸಿಬಿಟ್ರಿ? ಹಾಡಿ. ಬೆಳಿಗ್ಗೆ ‘ಕರುಣಾಳು ಬಾ ಬೆಳಕೆ’ ಕಿವಿಗೆ ಬಿದ್ದರೆ ಕೈಕೆಲಸ ಬಿಟ್ಟು ಈ ಕಾಂಪೌಂಡ್ ಹತ್ತಿರ ಬಂದು ನಿಂತುಬಿಡ್ತೀನಿ.

ಏನು, ಇದು ಕ್ರೈಸ್ತರ ಹಾಡು ಅಂತ ಮೊಮ್ಮಗಳು ಹೇಳಿದಳಾ? ಸರಿಯಾಗೇ ಹೇಳಿದಾಳೆ. ಬಿಎಂಶ್ರೀ ತಮ್ಮ ‘ಇಂಗ್ಲಿಷ್ ಗೀತಗಳು’ ಪುಸ್ತಕಕ್ಕೆ ತಂದುಕೊಂಡದ್ದು ಇದು. ಮೂಲ ‘ಲೀಡ್, ಕೈಂಡ್ಲಿ ಲೈಟ್’. ಬರೆದವರು ಜಾನ್ ಹೆನ್ರಿ ನ್ಯೂಮನ್ ಅಂತ, ಆಗಿನ್ನೂ 32 ವರ್ಷದ ಪಾದ್ರಿ.

ಅವರ ಕಥೆ ಕೇಳಿದೀರಾ? 1833ರಲ್ಲಿ ಗೆಳೆಯರನ್ನು ಬಿಟ್ಟು ಒಬ್ಬರೇ ಸಿಸಿಲಿ ಸುತ್ತೋಕೆ ಹೋದರು. ಜೊತೆಗಿದ್ದದ್ದು ಒಬ್ಬ ಆಳು ಅಷ್ಟೆ. ಅಲ್ಲಿ ಜ್ವರ ಬಂತು ನೋಡಿ, ಸತ್ತೇಹೋಗ್ತಾರೆ ಅನ್ನೋ ಹಾಗಾಯ್ತು. ಆಳೇ ನೋಡಿಕೊಂಡ. ಸ್ವಲ್ಪ ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಹಾಸಿಗೆ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರಂತೆ. ಊರಿಗೆ ಹೋಗೋಣ ಅಂದರೆ ಪಲೆರ್ಮೋದಲ್ಲಿ ಹಡಗೇ ಇಲ್ಲ. ಮೂರು ವಾರ ಕಾದು, ಕೊನೆಗೆ ಕಿತ್ತಳೆ ಹಣ್ಣು ಸಾಗಿಸೋ ಹಡಗೊಂದನ್ನ ಹತ್ತಿದರು. ಅದೂ ಕಾರ್ಸಿಕಾ, ಸಾರ್ಡಿನಿಯಾ ದ್ವೀಪಗಳ ನಡುವೆ ಗಾಳಿ ಬಿದ್ದುಹೋಗಿ ಒಂದು ವಾರ ನಿಂತಲ್ಲೇ ನಿಂತಿತು. ಸುತ್ತ ನೀರು, ಹಾಯಿ ಅಲ್ಲಾಡ್ತಿಲ್ಲ, ಮೈಯಲ್ಲಿ ತ್ರಾಣ ಇಲ್ಲ. ಆಗ ಬರೆದದ್ದು, ಜೂನ್ 16ರಂದು.

ನನಗೆ ಈ ಹಾಡು ಹಿಡಿಸೋದು ಅದು ಕೇಳೋ ರೀತಿಗೆ. ‘ಊರು ಮುಟ್ಟಿಸು’ ಅನ್ನೋದಿಲ್ಲ, ‘ದಾರಿಯೆಲ್ಲ ತೋರಿಸು’ ಅನ್ನೋದೂ ಇಲ್ಲ. ಮುಂದಿನ ಪಾದ ಎಲ್ಲಿಡಬೇಕು ಅಂತ ಕಂಡರೆ ಸಾಕಂತೆ. ನಮ್ಮಪ್ಪ ರಾತ್ರಿ ಹೊತ್ತು ಕೊಟ್ಟಿಗೆಗೆ ಹೋಗುವಾಗ ನಾನು ಲಾಟೀನು ಹಿಡೀತಿದ್ದೆ. ಅದರ ಬೆಳಕು ಬೀಳ್ತಿದ್ದದ್ದೇ ಒಂದು ಮಾರು ದೂರ. ಆಮೇಲೆಲ್ಲ ಕತ್ತಲೆ. ನಾವು ನಡೆದ ಹಾಗೆ ಅದೂ ಒಂದು ಮಾರು ಮುಂದೆ ಹೋಗ್ತಿತ್ತು. ಶಾಲೆಯ ಸಾಲಿನಲ್ಲಿ ನಿಂತು ಈ ಹಾಡು ಹಾಡುವಾಗೆಲ್ಲ ನನ್ನ ಕಣ್ಣಿಗೆ ಆ ಲಾಟೀನೇ ಬರ್ತಿತ್ತು.

ಭಾವನವರು ಐಸಿಯು ಒಳಗಿದ್ದ ರಾತ್ರಿ ನೆನಪಿದೆಯಾ ಅಕ್ಕ? ಹೊರಗಿನ ಬೆಂಚಿನ ಮೇಲೆ ಇಬ್ಬರೇ ಕೂತಿದ್ವಿ. ಪೂರ್ತಿ ಗುಣ ಮಾಡಪ್ಪ ಅಂತ ಕೇಳೋ ಧೈರ್ಯವೂ ನಿಮಗೆ ಇರಲಿಲ್ಲ. ಬೆಳಗಾಗಲಿ, ಅಷ್ಟೇ ಸಾಕು ಅಂದ್ರಿ. ಆಮೇಲೆ ತುಟಿಯಲ್ಲೇ ಹೇಳಿಕೊಂಡದ್ದು ಇದನ್ನೇ. ಯಾವ ಧರ್ಮದ್ದು ಅನ್ನೋದು ಆಗ ನಮಗೆ ಎಲ್ಲಿ ನೆನಪಿತ್ತು? ಮೂಲದಲ್ಲೂ ಕ್ರಿಸ್ತನ ಹೆಸರೆತ್ತಿ ಕರೆದಿಲ್ಲ, ಬರೀ ಬೆಳಕನ್ನೇ ಕರೆದಿರೋದು. ಗಾಂಧೀಜಿಗೂ ಇದು ತುಂಬ ಪ್ರಿಯವಾಗಿತ್ತಲ್ಲ.

ಕಷ್ಟದಲ್ಲಿ ಇದನ್ನು ನೆನೆದವರು ನಾವಷ್ಟೇ ಅಲ್ಲ ಅಕ್ಕ. ಇಂಗ್ಲೆಂಡಿನ ಸ್ಟ್ಯಾನ್ಲಿ ಅನ್ನೋ ಊರಲ್ಲಿ 1909ರಲ್ಲಿ ಕಲ್ಲಿದ್ದಲು ಗಣಿ ಸಿಡಿದು 168 ಜನ ತೀರಿಕೊಂಡರು. ಒಳಗೆ ಸಿಕ್ಕಿಕೊಂಡ ಕೆಲವರು ಕತ್ತಲಲ್ಲಿ ಕೂತು ಈ ಹಾಡನ್ನೇ ಹಾಡಿದರಂತೆ. ಭೂಮಿ ಹೊಟ್ಟೆಯೊಳಗೆ ಕೂತು ಬೆಳಕನ್ನು ಕರೆಯೋದು ಅಂದರೆ! ನೆನೆಸಿಕೊಂಡರೆ ಈಗಲೂ ಗಂಟಲು ಕಟ್ಟುತ್ತೆ.

ಒಂದು ವಿಷಯದಲ್ಲಿ ಮಾತ್ರ ನ್ಯೂಮನ್ ಮಾತು ನಾನು ಒಪ್ಪಲ್ಲ. ಹಾಡು ಜನಪ್ರಿಯವಾದದ್ದು ತಮ್ಮಿಂದಲ್ಲ, ಅದಕ್ಕೆ ಡೈಕ್ಸ್ ಅನ್ನೋರು ಕೂಡಿಸಿದ ರಾಗದಿಂದ ಅಂತ ಅವರು ಹೇಳ್ತಿದ್ದರಂತೆ. ನಮ್ಮ ಮೇಷ್ಟ್ರು ಹೇಳಿಕೊಟ್ಟ ಧಾಟಿಗೂ ಆ ರಾಗಕ್ಕೂ ಏನೇನೂ ಸಂಬಂಧ ಇಲ್ಲ. ನಿಮ್ಮ ಧಾಟಿಯೇ ಬೇರೆ, ನನ್ನದೇ ಬೇರೆ. ಆದರೂ ಇಬ್ಬರಿಗೂ ಕಣ್ಣು ತುಂಬುತ್ತಲ್ಲ? ಅದರ ಪುಣ್ಯ ಬಿಎಂಶ್ರೀ ಅವರಿಗೂ ಸೇರಬೇಕು. ಇಂಗ್ಲಿಷಿನಲ್ಲಿ ಬೆಳಕಿಗೆ ‘ನಡೆಸು’ ಅಂತಾರೆ. ಇವರು ಮೊದಲು ‘ಬಾ’ ಅಂತ ಕರೆದರು, ಮನೆಯವರನ್ನು ಕರೆದ ಹಾಗೆ. ಆ ಒಂದಕ್ಷರಕ್ಕೆ ಹಾಡು ನಮ್ಮದಾಗಿಹೋಯ್ತು.

ಎರಡನೇ ನುಡಿ ಬರುತ್ತಲ್ಲ ನಿಮಗೆ? ಮೊದಲೆಲ್ಲ ನನಗೂ ಗರ್ವ ಇತ್ತು, ನನ್ನ ದಾರಿ ನಾನೇ ನೋಡಿಕೊಳ್ತೀನಿ ಅಂತಿದ್ದೆ ಅಂತ ಒಪ್ಪಿಕೊಳ್ಳೋ ನುಡಿ. ನನಗೆ ನಡುವೆ ಎಲ್ಲೋ ತಪ್ಪಿಹೋಗುತ್ತೆ. ಹೂಬುಟ್ಟಿ ಇತ್ತ ಕೊಡಿ, ಹಿಡ್ಕೊಂಡಿರ್ತೀನಿ. ನೀವು ಅಲ್ಲಿಂದ ಹಾಡಿ.