ಫ್ಲೋಟ್ ಸಾಹೇಬರು

ತಾಲ್ಲೂಕು ಕಚೇರಿಯ ಎದುರಿನ ಸಾಲಿನಲ್ಲಿ ಜೆರಾಕ್ಸ್ ಅಂಗಡಿ, ಪತ್ರ ಬರಹಗಾರರು, ಟೀ ಅಂಗಡಿ, ಇವುಗಳ ನಡುವೆ ನಾಲ್ಕೈದು ಲೈಸೆನ್ಸ್ ಸರ್ವೇಯರರ ಬೋರ್ಡುಗಳು ಕಾಣುತ್ತವೆ. ಅವರಲ್ಲಿ ಒಬ್ಬರು ಮಾತ್ರ ಬೇರೆ ತಳಿಯವರು. ಉಳಿದವರ ಅಂಗಿಜೇಬಿನಲ್ಲಿ ಪೆನ್ನು, ಕನ್ನಡಕ. ಇವರದರಲ್ಲಿ ಎರಡು ಕಂಪನಿಯ ಸಿಮ್ಮು, ಒಂದು ಪೆನ್‌ಡ್ರೈವು, ರೀಸೆಟ್ ತೂತಿಗೆ ಚುಚ್ಚಲು ನೇರ ಮಾಡಿಟ್ಟುಕೊಂಡ ಯು ಪಿನ್ನು. ಉಳಿದವರು ಹೊಲಕ್ಕೆ ಹೋಗಿ, ಅಳೆದು, ದುಡ್ಡೆಣಿಸಿಕೊಂಡು ಊಟದ ಹೊತ್ತಿಗೆ ವಾಪಸು. ಇವರು ಹೋದರೆ ಸಂಜೆಯಾದರೂ ಆಕಾಶ ನೋಡುತ್ತಾ ನಿಂತೇ ಇರುತ್ತಾರೆ. ಕೋಲು ಹಿಡಿಯುವ ಹುಡುಗರು ಬೆನ್ನ ಹಿಂದೆ ಇಟ್ಟ ಹೆಸರು ಫ್ಲೋಟ್ ಸಾಹೇಬರು.

ಹೆಸರಿನ ಹಿಂದೆ ವಿದ್ಯೆಯಿದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅವು ಬಿಡುವ ರೇಡಿಯೋ ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಅಲ್ಲಿಂದ ಹೊಲದವರೆಗೆ ಅಂಥ ಇಡೀ ಅಲೆಗಳು ಎಷ್ಟಿವೆ ಎಂಬುದನ್ನು ಕೋಲಿನ ತುದಿಯ ರಿಸೀವರು ಲೆಕ್ಕ ಹಾಕಬೇಕು. ಜಾಗ ಕರಾರುವಾಕ್ಕಾಗಿ ಗೊತ್ತಿರುವ ಇನ್ನೊಂದು ರಿಸೀವರು ಅದಕ್ಕೆ ನೆರವಾಗುತ್ತದೆ. ಆ ನೆರವು ಈಗ ಸರ್ವೆ ಆಫ್ ಇಂಡಿಯಾದ ಕಾರ್ಸ್ ಕೇಂದ್ರಗಳಿಂದ ಮೊಬೈಲ್ ಡೇಟಾದಲ್ಲೇ ಬರುತ್ತದೆ. ಲೆಕ್ಕ ಕೂಡಿಬಂದರೆ ಪರದೆಯ ಮೇಲೆ ಹಸಿರಾಗಿ ‘ಫಿಕ್ಸ್’. ತಪ್ಪಿದರೂ ಒಂದೆರಡು ಸೆಂಟಿಮೀಟರ್. ಕೂಡಿಬಾರದಿದ್ದರೆ ‘ಫ್ಲೋಟ್’, ಆಗ ತಪ್ಪು ಗೇಣಿನಿಂದ ಮಾರಿನವರೆಗೆ. ನಮ್ಮ ಕಡೆ ಬದುವಿನ ಜಗಳ, ಕೋರ್ಟು, ಹೊಡೆದಾಟ ಎಲ್ಲ ನಡೆಯುವುದು ಗೇಣಿನಿಂದ ಮಾರಿನವರೆಗಿನ ಜಾಗಕ್ಕೇ.

ಸಾಹೇಬರ ರಿಸೀವರು ಕೊಂಡಾಗ ಚೆನ್ನಾಗಿಯೇ ಇತ್ತು. ಬಯಲಲ್ಲಿ ನಿಲ್ಲಿಸಿದ ಕೂಡಲೇ ಫಿಕ್ಸ್. ಅವರ ದುಃಖಕ್ಕೆ ಅದೇ ಕಾರಣ. ಕೆಡದ ಯಂತ್ರದಲ್ಲಿ ಅವರಿಗೇನು ಕೆಲಸ? ಆ ಯಂತ್ರ ನಡೆಸುವ ಫರ್ಮ್‌ವೇರಿನಲ್ಲಿ ಕಂಪನಿಯವರು ಆಗಾಗ ಪಕ್ಕಾ ಆವೃತ್ತಿ ಬಿಡುತ್ತಾರೆ. ಅದಕ್ಕೂ ಮುಂಚೆ, ತಪ್ಪು ಹುಡುಕುವ ಹುಮ್ಮಸ್ಸಿರುವವರಿಗೆಂದು, ಬೀಟಾ ಬಿಡುತ್ತಾರೆ. ಮುಖ್ಯವಾದ ಕೆಲಸಕ್ಕೆ ಬಳಸಬೇಡಿ ಎಂದೂ ಬರೆದಿರುತ್ತಾರೆ. ಸಾಹೇಬರ ಕಣ್ಣಿಗೆ ಆ ಸಾಲು ಲಗ್ನಪತ್ರಿಕೆ. ಇಳಿಸಿಕೊಳ್ಳುವ ಮುಹೂರ್ತವೂ ಬದಲಾಗುವುದಿಲ್ಲ: ತಾಲ್ಲೂಕಿನಲ್ಲೇ ಅತ್ಯಂತ ತಕರಾರಿನ ಜಮೀನು ಅಳೆಯುವ ಹಿಂದಿನ ರಾತ್ರಿ, ಹನ್ನೊಂದರ ಮೇಲೆ. “ಹೊಸದರಲ್ಲಿ ನಮ್ಮ ಇಸ್ರೋದ ನಾವಿಕ್ ಹಿಡಿಯುತ್ತಂತೆ ಕಣೋ” ಎಂದು ಅವರು ಹೇಳಿದ ಮೇಲೆ ಬೇಡ ಎನ್ನಲು ಹುಡುಗನಿಗೆ ಬಾಯಿ ಬರುವುದಿಲ್ಲ.

ಬೆಳಿಗ್ಗೆ ಹೊಲದಲ್ಲಿ ಫ್ಲೋಟ್.

“ಸಾರ್, ನಿನ್ನೆ ಸರಿಯಿತ್ತಲ್ವಾ?”

“ನಿನ್ನೆ ಸರಿಯಿತ್ತು ಅಂತ ನೀನು ಅಂದ್ಕೊಂಡಿದ್ದೆ.”

ಆಮೇಲೆ ತನಿಖೆ. ಆರೋಪಿಗಳ ಪಟ್ಟಿ ಉದ್ದವಿದೆ, ಅದರಲ್ಲಿ ಬೀಟಾದ ಹೆಸರು ಮಾತ್ರ ಇಲ್ಲ. ಮೊದಲು ಸಿಮ್ಮು. ಒಂದು ತೆಗೆದು ಇನ್ನೊಂದು ಹಾಕಿ, ಟವರಿನ ಕಡೆ ಮುಖ ಮಾಡಿ ನಿಲ್ಲುವುದು. ಆಮೇಲೆ ಹೊಂಗೆ ಮರ. ಆಮೇಲೆ ದನದ ಕೊಟ್ಟಿಗೆಯ ತಗಡಿನ ಶೀಟು. ಅಲೆ ಅದಕ್ಕೆ ಬಡಿದು ವಾಪಸು ಬರುತ್ತದೆಂಬ ಮಾತು ನಿಜವೇ, ಆದರೆ ಕೊಟ್ಟಿಗೆಯಿರುವುದು ಇನ್ನೊಂದು ಬೀದಿಯಲ್ಲಿ. ಆಮೇಲೆ ವಿದೇಶಾಂಗ ವ್ಯವಹಾರ: ರಷ್ಯಾದ ಗ್ಲೋನಾಸ್ ಆಫ್ ಮಾಡು, ಯುರೋಪಿನ ಗೆಲಿಲಿಯೋ ಇರಲಿ, ಚೀನಾದ್ದನ್ನು ಒಮ್ಮೆ ತೆಗೆದು ಮತ್ತೆ ಹಾಕು. ಯಾವುದೂ ಆಗದಿದ್ದರೆ ಎಲ್ಲ ಅಳಿಸಿ ಹೊಸದಾಗಿ ಶುರು. ಆಗ ಎಲ್ಲ ಜಿಪಿಎಸ್ ಉಪಗ್ರಹಗಳ ಓಡಾಟದ ವಿವರ ಮತ್ತೆ ಆಕಾಶದಿಂದಲೇ ಇಳಿಯಬೇಕು. ಅದು ಬರುವ ವೇಗ ಸೆಕೆಂಡಿಗೆ 50 ಬಿಟ್. ಪೂರ್ತಿ ಬರಲು ಹನ್ನೆರಡೂವರೆ ನಿಮಿಷ. ಆ ಹನ್ನೆರಡೂವರೆ ನಿಮಿಷ ಸಾಹೇಬರ ಮುಖದಲ್ಲಿರುವಷ್ಟು ಶಾಂತಿ ಫಿಕ್ಸ್ ಬಂದ ದಿನ ಇರುವುದಿಲ್ಲ.

ಕೊನೆಯ ಆರೋಪಿ ಸೂರ್ಯ. ಇಲ್ಲಿ ಸಾಹೇಬರನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. 2024ರ ಮೇ ತಿಂಗಳಲ್ಲಿ ಸೂರ್ಯನಿಂದ ಬಂದ ಬಿರುಗಾಳಿಗೆ ಅಮೆರಿಕದ ರೈತರ ಜಿಪಿಎಸ್ ಟ್ರ್ಯಾಕ್ಟರುಗಳು ಬಿತ್ತನೆಯ ಹೊತ್ತಿನಲ್ಲೇ ನಿಂತುಹೋದವು. ಲಡಾಖಿನ ಹಾನ್ಲೆಯಲ್ಲಿ ರಾತ್ರಿ ಆಕಾಶ ಕೆಂಪಾಯಿತು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಹಾದುಹೋಗುವುದು ನಮ್ಮ ದಕ್ಷಿಣ ತುದಿಯಲ್ಲೇ. 1963ರಲ್ಲಿ ಮೊದಲ ರಾಕೆಟ್ ಹಾರಿಸಲು ತುಂಬಾ ಎಂಬ ಮೀನುಗಾರರ ಹಳ್ಳಿಯನ್ನು ಆರಿಸಿದ್ದೂ ಆ ಕಾರಣಕ್ಕೆ. ಹಾಗಾಗಿ ಹೊತ್ತು ಮುಳುಗಿದ ಮೇಲೆ ನಮ್ಮ ಭಾಗದ ಅಯಾನುಗೋಳ ಕದಡಿ ಸಿಗ್ನಲ್ ಕಂಪಿಸುವುದುಂಟು. ಇದೆಲ್ಲ ನಿಜ. ಆದರೆ ಸಾಹೇಬರು ಇದನ್ನು ಬೆಳಗಿನ ಹತ್ತೂವರೆಗೆ, ಪಕ್ಕದ ಹೊಲದ ಸರ್ವೇಯರ್ ಫಿಕ್ಸ್ ತಗೊಂಡು ಬೈಕ್ ಹತ್ತುತ್ತಿರುವಾಗ ಹೇಳುತ್ತಾರೆ.

ಅವರ ಹಬ್ಬದ ದಿನಗಳೂ ಬೇರೆ. ಜಿಪಿಎಸ್ ವಾರ ಎಣಿಸುವ ಕಟ್ಟಲೆಯಲ್ಲಿ 1024 ವಾರಕ್ಕೊಮ್ಮೆ ಲೆಕ್ಕ ಸೊನ್ನೆಗೆ ಮರಳುತ್ತದೆ. 2019ರಲ್ಲಿ ಅದು ಬಿದ್ದದ್ದು ಯುಗಾದಿಯ ಮಾರನೆಯ ಬೆಳಗಿನ ಜಾವಕ್ಕೆ. ಊರೆಲ್ಲ ಹೋಳಿಗೆ ತಿಂದು ಮಲಗಿತ್ತು. ಸಾಹೇಬರು ಹಳೆಯ ರಿಸೀವರು ಹಿಡಿದು ತಾರಸಿಯ ಮೇಲೆ. ಐದೂವರೆಗೆ ಅದು 1999ರ ಆಗಸ್ಟಿಗೆ ಹೋಗಿ ಕೂತಿತು. ನಮಗೆಲ್ಲ ವಿಕಾರಿ ಸಂವತ್ಸರ, ಆ ಪೆಟ್ಟಿಗೆಗೆ ಪ್ರಮಾಥಿ. ಕೆಳಗಿಳಿದು ಬಂದು ಹೆಂಡತಿಯನ್ನು ಎಬ್ಬಿಸಿ, “ನೋಡೇ, ನಮ್ಮ ಮದುವೆಗೂ ಮುಂಚೆ ಹೋಗಿದೆ” ಎಂದರಂತೆ. “ಅಲ್ಲೇ ಇರಲಿ ಬಿಡಿ” ಎಂದು ಆಕೆ ಮಗ್ಗುಲಾದರಂತೆ.

ಅವರ ಜೀವನದ ದೊಡ್ಡ ಕೇಸು ನಡೆದದ್ದು ಕೋಲಾರದಿಂದ ಮುಳಬಾಗಿಲಿನ ದಿಕ್ಕಿಗೆ. ಅಣ್ಣತಮ್ಮಂದಿರ ಪಾಲು, ಅದಕ್ಕೆ ಬೇಕಾದ 11ಇ ಸ್ಕೆಚ್ಚು ಆಗಬೇಕು. ಹಿಂದಿನ ರಾತ್ರಿ ಬಂದಿದ್ದ ಬೀಟಾದಲ್ಲಿ ಹೊಸ ಸೌಕರ್ಯವೊಂದಿತ್ತು: ಕೋಲು ಓರೆ ಹಿಡಿದರೂ ಯಂತ್ರವೇ ನೇರ ಲೆಕ್ಕ ಕೊಡುತ್ತದೆ. ಆದರೆ ಅದು ಎಚ್ಚರಗೊಳ್ಳಬೇಕಾದರೆ ಮೊದಲು ಕೋಲನ್ನು ಹಿಂದೆ ಮುಂದೆ ಅಲ್ಲಾಡಿಸುತ್ತಾ ನಡೆಯಬೇಕು. ಸಾಹೇಬರು ಅಲ್ಲಾಡಿಸುತ್ತಾ ಹೊಲ ಸುತ್ತತೊಡಗಿದರು. ಬದುವಿನ ಮೇಲೆ ಜನ ಸೇರಿತು. ಒಬ್ಬ ಅಜ್ಜ ಹತ್ತಿರ ಬಂದು, “ಸಾಮಿ, ಎಷ್ಟು ಅಡಿಗೆ ಬೀಳುತ್ತೆ?” ಎಂದು ಕೇಳಿದರು. ಸಾಹೇಬರಿಗೆ ಅರ್ಥವಾಗಲಿಲ್ಲ. “ನೀರು ನೋಡ್ತಾ ಇದೀರಲ್ವಾ” ಎಂದರು ಅಜ್ಜ. ಬೇವಿನ ಕವಲು, ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಪಾಯಿಂಟ್ ತೋರಿಸುವವರನ್ನು ಕಂಡ ಊರದು. ಈ ಸಾಹೇಬರದು ಹೊಸ ಮಾದರಿ ಎಂದುಕೊಂಡಿದ್ದರು.

ಅಂತೂ ಫಿಕ್ಸ್ ಬಂತು. ಮೂಲೆಗಳನ್ನೆಲ್ಲ ಗುರುತಿಸಿ ಟ್ಯಾಬಿನಲ್ಲಿ ನಕ್ಷೆ ತೆರೆದರೆ ಸುತ್ತಲೂ ನೀಲಿ. ಜಮೀನು ಅರಬ್ಬೀ ಸಮುದ್ರದಲ್ಲಿ, ಉಡುಪಿ–ಮಂಗಳೂರಿನ ದಂಡೆಯಿಂದ ತುಂಬಾ ಆಚೆ. ಆಗಿದ್ದಿಷ್ಟೇ: ನಕ್ಷೆಗೆಂದು ಭೂಮಿಯನ್ನು ಆರಾರು ಡಿಗ್ರಿಯ ಪಟ್ಟಿಗಳಾಗಿ ಸೀಳಿದ್ದಾರೆ. ಕರ್ನಾಟಕದ ಬಹುಭಾಗ 43ನೇ ವಲಯ. 78 ಡಿಗ್ರಿ ರೇಖಾಂಶ ದಾಟಿದರೆ, ಎಂದರೆ ಕೋಲಾರದ ಕಡೆ, 44. ಬೀಟಾ ಅಂಕಿಗಳನ್ನು 44ರಲ್ಲಿ ಬರೆದು ಮೇಲೆ 43 ಎಂದು ಚೀಟಿ ಅಂಟಿಸಿತ್ತು. ಜಮೀನು ಪಡುವಣಕ್ಕೆ ಆರುನೂರೈವತ್ತು ಕಿಲೋಮೀಟರ್ ಜಿಗಿದಿತ್ತು. ಎತ್ತರವೂ ಕೆಟ್ಟಿತ್ತು, ಸಮುದ್ರಮಟ್ಟದ ಕೋಷ್ಟಕ ಕಳೆದುಹೋಗಿ 80 ಮೀಟರಿಗೂ ಹೆಚ್ಚು ಕೆಳಗೆ ತೋರಿಸುತ್ತಿತ್ತು. ಕೆಜಿಎಫ್ ಹತ್ತಿರವೇ ಇದ್ದುದರಿಂದ ಅದನ್ನು ಯಾರೂ ಅಷ್ಟಾಗಿ ಅನುಮಾನಿಸಲಿಲ್ಲ.

ಅಣ್ಣ ಬಹಳ ಹೊತ್ತು ನೀಲಿ ಪರದೆ ನೋಡಿದ. “ಸಾವಿರದ ಐನೂರು ಅಡಿ ಕೊರೆಸಿದ್ರೂ ಧೂಳೇ ಬಂದಿದ್ದು. ನೀವು ಒಂದೇ ದಿನಕ್ಕೆ ನೀರು ತೋರಿಸಿಬಿಟ್ರಲ್ಲ ಸಾಮಿ.”

ಸಾಹೇಬರಿಗೆ ನಾಚಿಕೆಯಾಯಿತು ಎಂದುಕೊಳ್ಳಬೇಡಿ. ಕಣ್ಣು ಮಿಂಚುತ್ತಿತ್ತು. ಹೊಂಗೆಯ ನೆರಳಲ್ಲಿ ಕೂತು ಲಾಗ್ ಫೈಲು ತೆಗೆದರು. ಅವರನ್ನು ಆ ಹೊತ್ತು ಕೆಣಕಿದರೆ ಲ್ಯಾಂಬ್ಟನ್ನನ ಕಥೆ ಕೇಳಬೇಕಾಗುತ್ತದೆ. ಬೆಂಗಳೂರಿನಲ್ಲಿ 1800ರಲ್ಲಿ ಆಧಾರರೇಖೆ ಅಳೆದ ಆ ವಿಲಿಯಂ ಲ್ಯಾಂಬ್ಟನ್, 1808ರಲ್ಲಿ ತಂಜಾವೂರಿನ ಗೋಪುರದ ಮೇಲಕ್ಕೆ ಎಳೆಸುತ್ತಿದ್ದ ಅರ್ಧ ಟನ್ನಿನ ಥಿಯೊಡೊಲೈಟು ಗೋಡೆಗೆ ಬಡಿದು ಜಜ್ಜಿಹೋದಾಗ, ಡೇರೆಯೊಳಗೆ ಬಾಗಿಲು ಹಾಕಿಕೊಂಡು ವಾರಗಟ್ಟಲೆ ತಟ್ಟಿ ತಟ್ಟಿ ಅದನ್ನು ಸರಿಮಾಡಿದ. “ಅವನಿಗೆ ಯಾರಾದರೂ ಸಂಜೆಯೊಳಗೆ ಸ್ಕೆಚ್ ಕೊಡಿ ಅಂದರಾ?” ಎಂಬುದು ಸಾಹೇಬರ ಪ್ರಶ್ನೆ. ಅಷ್ಟರಲ್ಲಿ ನಿವೃತ್ತ ಸರ್ವೇಯರೊಬ್ಬರು ಮೂವತ್ತಮೂರು ಅಡಿಯ ಚೈನು ಎಳೆದು, ಹದಿನಾರು ಆಣೆಗೆ ಒಂದು ಚೈನಿನ ಲೆಕ್ಕದಲ್ಲಿ ಇಬ್ಬರ ಪಾಲನ್ನೂ ಅಂದಾಜಿಗೆ ಗುರುತು ಹಾಕಿಕೊಟ್ಟಿದ್ದರು.

ನಗಬಹುದು, ಆದರೂ ನನ್ನ ಜಮೀನು ಅಳೆಸುವುದಾದರೆ ಇವರನ್ನೇ ಕರೆಯುತ್ತೇನೆ, ಪೆನ್‌ಡ್ರೈವನ್ನು ಮನೆಯಲ್ಲಿಟ್ಟು ಬರಬೇಕೆಂಬ ಷರತ್ತಿನ ಮೇಲೆ. ತೆಂಗಿನ ತೋಟದೊಳಗೆ ಕೆಲವೊಮ್ಮೆ ಯಂತ್ರ ಸುಳ್ಳು ಫಿಕ್ಸ್ ಕೊಡುತ್ತದೆ: ಅಕ್ಷರ ಹಸಿರು, ಅಳತೆ ಮೊಳದಷ್ಟು ಆಚೆ. ಹಸಿರು ಕಂಡ ತಕ್ಷಣ ಕಲ್ಲು ನೆಡಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ. ಸಾಹೇಬರಿಗೆ ಹಸಿರಿನ ಮೇಲೆ ನಂಬಿಕೆಯೇ ಇಲ್ಲ. ಬಂದ ಫಿಕ್ಸನ್ನು ಬೇಕೆಂದೇ ಕೆಡವಿ, ಹೊಸದಾಗಿ ತರಿಸಿ, ಎರಡೂ ಹೊಂದಿದರೆ ಮಾತ್ರ ಒಪ್ಪುತ್ತಾರೆ.

ಕಂಪನಿಗೆ ಅವರು ಬರೆದ ದೂರು ಹಲವು ಪುಟವಿತ್ತಂತೆ. ಉತ್ತರ ಬರಲಿಲ್ಲ. ಮುಂದಿನ ಆವೃತ್ತಿಯ ಪಟ್ಟಿಯಲ್ಲಿ ಮಾತ್ರ, ಯಾರ ಹೆಸರೂ ಇಲ್ಲದೆ, ಒಂದು ಸಾಲು ಕಂಡಿತು: ವಲಯದ ಗಡಿಯ ಬಳಿ ಆಗುತ್ತಿದ್ದ ದೋಷವನ್ನು ಸರಿಪಡಿಸಲಾಗಿದೆ. ಸಾಹೇಬರು ಅದನ್ನು ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಲೈಸೆನ್ಸಿನ ಪಕ್ಕಕ್ಕೇ ತೂಗುಹಾಕಿದರು. ಸ್ಕೆಚ್ಚು ಕೇಳಲು ಬಂದ ಅಣ್ಣತಮ್ಮಂದಿರನ್ನು ನಿಲ್ಲಿಸಿ ಕನ್ನಡದಲ್ಲಿ ಅರ್ಥವನ್ನೂ ಹೇಳಿದರು.

ತಮ್ಮ ಯೋಚಿಸಿ ಕೇಳಿದ: “ಹಂಗಂದ್ರೆ ನಮ್ಮ ಜಮೀನು ವಾಪಸ್ ಬಂತಾ ಸಾರ್?”

“ಬಂತು.”

“ನೀರೂ ಹೋಯ್ತು ಅನ್ನಿ” ಎಂದ ಅಣ್ಣ.